ಮೇಷ್ಟ್ರ ಬೆರಳಿಗೊಂದು ಕೀಲಿಮಣೆ

ಮೇಷ್ಟ್ರ ಮನೆಯ ಒಲೆ ಮೇಲಿನ ಅಟ್ಟದಿಂದ ಇಳಿದು ಬಂದ ಆ ಕಂಪ್ಯೂಟರು ಒಣಮೀನಿನ ವಾಸನೆ ಹೊಡೆಯುತ್ತಿತ್ತು. ನಾನು ಮೂಗು ಮುಚ್ಚಿಕೊಳ್ಳಲಿಲ್ಲ, ಎರಡು ಕೈಯಲ್ಲಿ ಹಿಡಿದು ಎದೆಗೊತ್ತಿಕೊಂಡೆ. ಪುಸ್ತಕದಷ್ಟೇ ಗಾತ್ರದ ಕಪ್ಪು ಪೆಟ್ಟಿಗೆ, ಮೇಲೆ ಬೂದು ಬಣ್ಣದ ರಬ್ಬರ್ ಕೀಲಿಗಳು. ನಾನು ಜೀವನದಲ್ಲಿ ಮೊದಲು ಮುಟ್ಟಿದ ಕಂಪ್ಯೂಟರ್ ಇದೇ. ಇಡೀ ಶಾಲೆಗೆ ಇದ್ದದ್ದು ಇದೊಂದೇ, ಅದೂ ಶಾಲೆಯದ್ದಲ್ಲ. ಗಲ್ಫಿನಿಂದ ಬಂದ ನೆಂಟರೊಬ್ಬರ ಕೈಲಿ ಮೇಷ್ಟ್ರು ತರಿಸಿಕೊಂಡಿದ್ದರು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ತಮ್ಮ ಮನೆಯ ಟೀವಿಗೆ ಸಿಕ್ಕಿಸಿ, ಬಂದವರಿಗೆಲ್ಲ ಪ್ರೋಗ್ರಾಂ ಬರೆಯುವುದನ್ನು ಕಲಿಸುತ್ತಿದ್ದರು.

"ಮಳೆಗಾಲದಲ್ಲಿ ಬೂಷ್ಟು ಹಿಡೀತದೆ ಅಂತ ಮೇಲಿಟ್ಟಿದ್ದೆ ಕಣವ್ವ," ಎಂದರು ಮೇಷ್ಟ್ರ ಹೆಂಡತಿ. ನಾವು ಹಳೇ ವಿದ್ಯಾರ್ಥಿಗಳೆಲ್ಲ ಅವರನ್ನು ಅಮ್ಮ ಎಂದೇ ಕರೆಯುವುದು. "ಬಿತ್ತನೆ ಬೀಜ, ಉಪ್ಪಿನಕಾಯಿ ಭರಣಿ, ಒಣಮೀನು, ಎಲ್ಲಾ ಅಲ್ಲೇ ತಾನೆ ಇಡೋದು. ಇದನ್ನ ಬೇರೆ ಎಲ್ಲಿಡ್ಲಿ?"

ತಪ್ಪೇನಿಲ್ಲ. ನಮ್ಮ ಕಡೆ ಜೂನ್ ಬಂತೆಂದರೆ ಚಪ್ಪಲಿಗೂ ಬೂಷ್ಟು, ಪುಸ್ತಕಕ್ಕೂ ಬೂಷ್ಟು. ಬೆಚ್ಚಗಿರುವುದು ಒಲೆಯ ಮೇಲಿನ ಜಾಗ ಒಂದೇ.

ನಾನು ಶನಿವಾರಸಂತೆಯಲ್ಲಿ ರಿಪೇರಿ ಅಂಗಡಿ ಇಟ್ಟವಳು. ಟೀವಿ, ಯುಪಿಎಸ್ ಬರುತ್ತವೆ, ಆದರೆ ಅನ್ನ ಹಾಕುವುದು ಬೇಲಿ ಮಿಷನ್. ಆನೆ ಒಳಗೆ ಬಾರದಿರಲಿ ಎಂದು ತೋಟದ ಸುತ್ತ ತಂತಿ ಎಳೆದಿರುತ್ತಾರಲ್ಲ, ಆ ತಂತಿಗೆ ಸೆಕೆಂಡಿಗೊಂದು ಸಲ ಝಟಕಾ ಕೊಡುವ ಪೆಟ್ಟಿಗೆ ಅದು. ಮೇಷ್ಟ್ರ ಮನೆ ಕೊಡ್ಲಿಪೇಟೆ ದಾರಿಯಲ್ಲಿ, ಕಾಫಿ ತೋಟದ ನಡುವೆ. ಅವರ ಬೇಲಿ ಮಿಷನ್ ಹಾಕಿಕೊಟ್ಟವಳೂ ನಾನೇ. ಈ ಸಲ ಕರೆದದ್ದು ಅದಕ್ಕಲ್ಲ.

ಮೇಷ್ಟ್ರಿಗೆ ಕಣ್ಣಿನ ಒತ್ತಡದ ಕಾಯಿಲೆ. ಈಗ ಬೆಳಕು ಯಾವುದು, ಕತ್ತಲೆ ಯಾವುದು ಎಂಬಷ್ಟು ಮಾತ್ರ ಗೊತ್ತಾಗುತ್ತದೆ. ಯಾರೋ ಮಾತಾಡುವ ಫೋನು ತಂದುಕೊಟ್ಟಿದ್ದರಂತೆ. "ಅದು ಇಡೀ ದಿನ ಮಾತಾಡ್ತದೆ, ನನಗೆ ಬಾಯಿ ಬಿಡಕ್ಕೆ ಬಿಡಲ್ಲ," ಎಂದು ಪಕ್ಕಕ್ಕಿಟ್ಟಿದ್ದರು. ಅವರಿಗೆ ಬೇಕಾಗಿದ್ದದ್ದು ಕೂತು ಒಂದು ಪ್ರೋಗ್ರಾಂ ಬರೆಯುವ ಸುಖ. ಈ ಹಳೇ ಪೆಟ್ಟಿಗೆಯ ವಿಶೇಷವೇನೆಂದರೆ, ಸಾಲಿನ ಶುರುವಲ್ಲಿ ಪಿ ಒತ್ತಿದರೆ ಪ್ರಿಂಟ್ ಎಂಬ ಇಡೀ ಆಜ್ಞೆ ಬೀಳುತ್ತದೆ, ಜಿ ಒತ್ತಿದರೆ ಗೋ ಟು. ಅಕ್ಷರ ಅಕ್ಷರ ಕುಟ್ಟಬೇಕಾಗಿಲ್ಲ. ಕೀಲಿ ಒತ್ತಿದಾಗಲೆಲ್ಲ ಟಿಕ್ ಎಂದು ಸದ್ದು ಬೇರೆ ಬರುತ್ತದೆ.

"ಆ ಕೀಲಿಮಣೆ ನನ್ನ ಬೆರಳಿಗೆ ಗೊತ್ತು ಕಣೇ," ಎಂದರು ಮೇಷ್ಟ್ರು. "ಕಣ್ಣಿನ ಹಂಗಿಲ್ಲ. ಸರಿ ಮಾಡಿಕೊಡ್ತೀಯಾ?"

"ಆಗ್ತದೆ ಸಾರ್," ಎಂದುಬಿಟ್ಟೆ. ಪೆಟ್ಟಿಗೆ ಬಿಚ್ಚಿಯೂ ನೋಡಿರಲಿಲ್ಲ. ನನ್ನ ಬಾಯಿ ಯಾವತ್ತೂ ಕೈಗಿಂತ ಮುಂದೆ.

ಅಂಗಡಿಗೆ ತಂದು ಬಿಚ್ಚಿದೆ. ಕೀಲಿಗಳ ಕೆಳಗಿನ ಪ್ಲಾಸ್ಟಿಕ್ ಹಾಳೆ ಒಲೆಯ ಕಾವಿಗೆ ಹಪ್ಪಳವಾಗಿತ್ತು, ಮುಟ್ಟಿದ್ದೇ ತಡ ಮುರಿಯಿತು. ಚಿತ್ರ ಮೂಡಿಸುವ ದೊಡ್ಡ ಚಿಪ್ಪು ಸತ್ತಿತ್ತು. ಅದೇ ಚಿಪ್ಪು ಈಗ ಹೊಸದಾಗಿ ಎಲ್ಲೂ ಸಿಗುವುದಿಲ್ಲ. ಆದರೆ ಯಂತ್ರದ ಮೂಲ ಪ್ರೋಗ್ರಾಂ ಕೂತಿರುವ ರೋಮ್ ಚಿಪ್ಪಿನ ಕಾಲುಗಳು ಮಸಿಯ ಕೆಳಗೆ ಹೊಳೆಯುತ್ತಿದ್ದವು, ಒಂದು ಚುಕ್ಕೆ ತುಕ್ಕಿಲ್ಲ. ಓದುವ ಸಾಧನಕ್ಕೆ ಸಿಕ್ಕಿಸಿ ಓದಿದೆ, ತೆಗೆದು ಮತ್ತೆ ಓದಿದೆ. ಎರಡೂ ಸಲ ಒಂದೇ ಉತ್ತರ. ಅಂಗಡಿಯಲ್ಲೇ ಒಂದು ಸುತ್ತು ಕುಣಿದೆ. ಪಕ್ಕದ ಮಳಿಗೆಯಲ್ಲಿ ಮೋಟಾರು ಸುತ್ತುವ ಚೇಟ ಇಣುಕಿ ನೋಡಿದರು. ಕಣ್ಣೂರಿನಿಂದ ಬಂದು ಇಲ್ಲೇ ಬೇರು ಬಿಟ್ಟ ಮನುಷ್ಯ, ಅವರ ಮಲಯಾಳದಲ್ಲಿ ನಾನು ಮೋಳೆ, ಅಂದರೆ ಮಗಳು.

"ನಿಂಗೆ ಹುಚ್ಚಾ ಮೋಳೆ?"

"ಹುಚ್ಚೇ ಚೇಟ. ಇದರ ಜೀವ ಉಳಿದಿದೆ. ದೇಹ ಹೊಸದು ಮಾಡ್ಬೇಕು ಅಷ್ಟೇ."

ಅಷ್ಟೇ ಎಂದದ್ದು ಅಷ್ಟಕ್ಕೆ ಮುಗಿಯಲಿಲ್ಲ.

ಒಳಗಿನ ಕೆಲಸ ನಾನು ಹೆದರಿದ್ದಕ್ಕಿಂತ ಸುಲಭವಾಯಿತು. ಈಗಿನ ಒಂದು ಸಣ್ಣ ಕಂಟ್ರೋಲರ್ ಬೋರ್ಡು, ಬೆಂಕಿಪೊಟ್ಟಣದಷ್ಟು, ಹಳೇ ಪ್ರೊಸೆಸರಿನ ವೇಷ ಹಾಕಿಕೊಂಡು ಆ ರೋಮನ್ನು ಓಡಿಸುವಂತೆ ಮಾಡಿದೆ. ಚಿತ್ರ ಈಗಿನ ಟೀವಿಗೇ ಹೋಗುತ್ತದೆ. ಮೊದಲ ಸಲ ಬಿಳಿ ತೆರೆಯ ಬುಡದಲ್ಲಿ ಕಂಪನಿ ಹೆಸರಿನ ಆ ಹಳೇ ಸಾಲು ಮೂಡಿದಾಗ ಮೈ ಜುಮ್ಮೆಂದಿತು. ಸ್ಪೀಕರ್ ಜೋಡಿಸಿ, ಬೀಪ್ ಆಜ್ಞೆ ಕೊಟ್ಟು, ಫೋನಿನಲ್ಲಿ ಮೇಷ್ಟ್ರಿಗೆ ಕೇಳಿಸಿದೆ.

"ಶ್ರುತಿ ಮೇಲಿದೆಯಲ್ಲೇ," ಎಂದರು.

ಅಳೆದು ನೋಡಿದರೆ ಹೌದು, ನನ್ನ ಯಂತ್ರ ಅಸಲಿಗಿಂತ ಚೂರು ಜೋರಾಗಿ ಓಡುತ್ತಿತ್ತು. ಮುಂದಿನ ವಾರವೆಲ್ಲ ಅದಕ್ಕೆ ಕಡಿವಾಣ ಹಾಕುವುದೇ ಕೆಲಸವಾಯಿತು. ಬೇಸರವೇನೂ ಆಗಲಿಲ್ಲ. ಒಂದೊಂದು ಆಜ್ಞೆಗೂ ಎಷ್ಟು ಹೊತ್ತು ಹಿಡಿಯಬೇಕೆಂದು ಲೆಕ್ಕ ಹಾಕಿ ಕೂರಿಸುತ್ತಾ ಹೋದಂತೆ ಬೀಪು ಇಳಿದಿಳಿದು ಸರಿಯಾದ ಜಾಗಕ್ಕೆ ಬಂತು. ಸಂತೆಯ ದಿನ ಬೇಲಿ ಮಿಷನ್ ಹೊತ್ತು ಬಂದವರೆಲ್ಲ ಈ ಬೀಪ್ ಕೇಳಿ, ಇದೇನು ಹೊಸ ಥರದ ಮಿಷನ್ನಾ ಎಂದು ಕೇಳುವವರೇ.

ಪೇಚಿಗೆ ಸಿಕ್ಕಿದ್ದು ಕೀಲಿಮಣೆಯಲ್ಲಿ. ಮೊದಲು ಸುಲಭದ ದಾರಿ ಹಿಡಿದು, ಅಂಗಡಿಯಲ್ಲಿದ್ದ ಚಿಕ್ಕ ಬಟನ್ನುಗಳನ್ನು ಸಾಲಾಗಿ ಬೆಸುಗೆ ಹಾಕಿ ತೆಗೆದುಕೊಂಡು ಹೋದೆ. ಮೇಷ್ಟ್ರು ಹತ್ತೂ ಬೆರಳು ಇಟ್ಟರು, ಕೂಡಲೇ ಎತ್ತಿದರು.

"ಇದು ಕ್ಯಾಲ್ಕುಲೇಟರ್ರು. ನನ್ನ ಬೆರಳು ಇಲ್ಲಿ ದಾರಿ ತಪ್ತದೆ."

ಸರಿ, ರಬ್ಬರೇ ಆಗಬೇಕು. ಹಳೇ ರಬ್ಬರ್ ಹಾಸು ಗಟ್ಟಿಯಾಗಿದ್ದರೂ ಆಕಾರ ಹಾಗೇ ಇತ್ತು. ಅದರಿಂದ ಪ್ಲಾಸ್ಟರಿನಲ್ಲಿ ಅಚ್ಚು ತೆಗೆದು ಸಿಲಿಕೋನ್ ರಬ್ಬರ್ ಹೊಯ್ದೆ. ಮೊದಲನೆಯದರಲ್ಲಿ ಗುಳ್ಳೆ, ಎರಡನೆಯದರಲ್ಲೂ ಗುಳ್ಳೆ, ಕೀಲಿಗಳೆಲ್ಲ ಸಿಡುಬು ಬಂದವರ ಮುಖ. ಚೇಟ ನೋಡಿ ನೋಡಿ ತಾಳಲಾರದೆ ಒಂದು ಹಳೇ ಫ್ರಿಜ್ಜಿನ ಕಂಪ್ರೆಸರ್ ತಂದು, ಅದರ ಹೀರುವ ಕೊಳವೆಯನ್ನು ನನ್ನ ತಾಯಿಯ ಕುಕ್ಕರಿಗೆ ಜೋಡಿಸಿದರು. ಕಲಸಿದ ಸಿಲಿಕೋನನ್ನು ಕುಕ್ಕರಿನಲ್ಲಿಟ್ಟು ಗಾಳಿ ಎಳೆದರೆ ಗುಳ್ಳೆಗಳು ಹಾಲು ಉಕ್ಕುವಂತೆ ಮೇಲೆದ್ದು ಒಡೆದವು. ಆಮೇಲೆ ಹೊಯ್ದ ಹಾಸು ಅಚ್ಚಿನಿಂದ ನುಣ್ಣಗೆ ಎದ್ದು ಬಂತು. ಕುಕ್ಕರ್ ಮಾತ್ರ ನನ್ನ ತಾಯಿ ಮತ್ತೆ ಒಲೆಗೇರಿಸಲಿಲ್ಲ.

ಪ್ರತಿ ಕೀಲಿಯ ಹೊಟ್ಟೆಗೂ ಸರ್ಕ್ಯೂಟು ಮುಟ್ಟಿಸುವ ಏನಾದರೂ ಬೇಕಲ್ಲ. ಅಂಗಡಿಯ ಮೂಲೆಯಲ್ಲಿ ಹಳೇ ಟೀವಿ ರಿಮೋಟುಗಳ ರಾಶಿಯೇ ಇತ್ತು. ಅವುಗಳ ಬಟನ್ನಿನ ಅಡಿಯಲ್ಲಿರುವ ಕಾರ್ಬನ್ ಬಿಲ್ಲೆಗಳನ್ನು ಕಿತ್ತು ಅಂಟಿಸಿದೆ. ಬೆರಳಿಗೆ ಅದೇ ಮೆತ್ತನೆ, ಅದೇ ತಳ ಮುಟ್ಟಿದ ಅನುಭವ. ಕಾರ್ಬನ್ ಹಳತಾದ್ದರಿಂದ ಸಂಪರ್ಕ ದುರ್ಬಲ. ಅದಕ್ಕೆ ನಾನು ಒಂದು ಜಾಣತನ ಮಾಡಿದೆ. ಕೀಲಿಮಣೆಯ ತಂತಿಗಳನ್ನು ಬಹಳ ಸೂಕ್ಷ್ಮವಾಗಿ ಇಟ್ಟೆ, ಚೂರು ಸಂಪರ್ಕವಾದರೂ ಸಾಕು, ಕ್ಷಣಮಾತ್ರ ಮುಟ್ಟಿದರೂ ಸಾಕು, ಅದನ್ನು ಹಿಡಿದಿಟ್ಟುಕೊಂಡು ರೋಮ್ ಕೇಳಿದಾಗ ಒಪ್ಪಿಸುವಂತೆ ಮಾಡಿದೆ. ಮೇಷ್ಟ್ರು ಒತ್ತಿದ್ದು ಒಂದೂ ತಪ್ಪಿಹೋಗಬಾರದು ಎಂಬ ಆಸೆ.

ಮೈಸೂರಿನಲ್ಲಿ ಹೊರಕವಚ ಮುದ್ರಿಸಿಕೊಂಡು ಬಂದು, ಕಾಫಿ ಕೊಯ್ಲು ಶುರುವಾಗುವ ಹೊತ್ತಿಗೆ ಒಪ್ಪಿಸಿದೆ. ಮೇಷ್ಟ್ರು ಜಗಲಿಯ ಕಿಟಕಿ ಪಕ್ಕದ ಮೇಜಿನ ಮುಂದೆ ಕೂತು ಬೆರಳಾಡಿಸಿದರು. ಟಿಕ್ ಟಿಕ್ ಟಿಕ್. ಸರಗಮ ನುಡಿಸುವ ಪುಟ್ಟ ಪ್ರೋಗ್ರಾಂ ಬರೆದು ಓಡಿಸಿದರು. ಅಮ್ಮ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದರು. ನನಗೆ ಅಳುವೇ ಬಂತು, ಒರೆಸಿಕೊಂಡೆ.

ಖುಷಿ ಉಳಿದದ್ದು ಒಂದು ವಾರವೂ ಇಲ್ಲ. ಬೆಳಗ್ಗೆ ಅಂಗಡಿ ಬಾಗಿಲು ತೆಗೆಯುವಾಗ ಮೇಷ್ಟ್ರ ಫೋನು.

"ಒಂದು ಒತ್ತಿದ್ರೆ ಎರಡು ಬೀಳ್ತದೆ ಕಣೇ. ಸಾಲು ಮುಗಿಸಿದ್ರೆ ತಪ್ಪು ಅಂತ ಗುರ್ ಅಂತದೆ."

ಮಧ್ಯಾಹ್ನ ಅಂಗಡಿ ಕೆಲಸ ಮುಗಿಸಿ ಹೋದೆ. ನಾನೇ ಕೂತು ಕುಟ್ಟಿದೆ, ಒಂದೂ ತಪ್ಪಿಲ್ಲ. ಮೇಷ್ಟ್ರ ಕೈಲಿ ಒತ್ತಿಸಿದೆ, ತಪ್ಪಿಲ್ಲ. ಮತ್ತೆರಡು ದಿನಕ್ಕೆ ಮತ್ತೆ ಫೋನು. ಅಂಗಡಿಗೆ ತಂದು ಬೆಂಚಿನ ಮೇಲಿಟ್ಟು ಕೀಲಿ ಕೀಲಿಯನ್ನೂ ಪರೀಕ್ಷಿಸಿದೆ. ಕಾರ್ಬನ್ ಬಿಲ್ಲೆಗಳನ್ನು ಸ್ಪಿರಿಟ್ಟಿನಲ್ಲಿ ತೊಳೆದೆ, ಸಂಶಯ ಬಂದವನ್ನು ಬದಲಿಸಿದೆ. ಬೆಂಚಿನ ಮೇಲೆ ಅದು ದೇವರಂಥ ಯಂತ್ರ. ಮೇಷ್ಟ್ರ ಮನೆಯಲ್ಲಿ ಬೆಳಗಾದರೆ ಕಾಟ.

ಆಮೇಲಿನ ಭೇಟಿಯಲ್ಲಿ ಮೇಷ್ಟ್ರು ಒಂದೊಂದು ಸಾಲಿಗೂ ನಿಲ್ಲಿಸಿ ಕೇಳುತ್ತಿದ್ದರು. "ಸ್ಕ್ರೀನ್ ನೋಡಿ ಹೇಳು, ಸರಿ ಇದೆಯಾ?" ಸರಿ ಇದೆ ಸಾರ್ ಎಂದರೂ ನಂಬಿಕೆ ಇಲ್ಲ. ಇನ್ನೊಂದು ಸಾಲು, ಮತ್ತೆ ಅದೇ ಪ್ರಶ್ನೆ. ಕರಿಹಲಗೆಗೆ ಬೆನ್ನು ಹಾಕಿ ನಿಂತು ಇಡೀ ಪ್ರೋಗ್ರಾಂ ಬಾಯಲ್ಲಿ ಹೇಳುತ್ತಿದ್ದ ಮನುಷ್ಯ. ನೋಡಲಿಕ್ಕಾಗಲಿಲ್ಲ.

ಒಂದು ಸಂಜೆ ಅವರೇ ಫೋನು ಮಾಡಿದರು. ದನಿ ತಣ್ಣಗಿತ್ತು.

"ಕುಣಿಯಲಾರದವನು ನೆಲ ಡೊಂಕು ಅಂದನಂತೆ. ನೀನು ಮಾಡಿದ್ದು ಸರಿಯಾಗೇ ಇದೆ ಬಿಡು. ನನ್ನ ಬೆರಳೇ ನಡುಗಿ ಪಕ್ಕದ್ದಕ್ಕೆ ತಾಗ್ತಿರಬೇಕು. ಕಣ್ಣು ಹೋಯ್ತು, ಈಗ ಇವೂ ಹೊರಟವೆ. ಬಂದು ತಗೊಂಡೋಗು, ಯಾವುದಾದ್ರೂ ಶಾಲೆಗೆ ಕೊಡು."

"ಸಾರ್, ಇನ್ನೊಂದ್ಸಲ ನೋಡ್ತೀನಿ."

"ನೋಡಿದ್ದು ಸಾಕು. ದಿನಾ ಬೆಳಗ್ಗೆ ಎದ್ದು ನನ್ನ ಬೆರಳು ಸತ್ತಿದೆಯಾ ಬದುಕಿದೆಯಾ ಅಂತ ಪರೀಕ್ಷೆ ಮಾಡೋದು ನನಗೆ ಬೇಡ ಕಣಮ್ಮ."

ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಆಗ ಅನುಮಾನ ಬಂದಿತ್ತು. ಎಪ್ಪತ್ತು ದಾಟಿದ ಕೈ, ಲೋಟ ಹಿಡಿದಾಗ ಸ್ವಲ್ಪ ಅದುರುತ್ತದೆ. ಇರಬಹುದೇನೋ ಅಂದುಕೊಂಡೆ.

ಮಾರನೆಯ ದಿನ ಸಂತೆ. ಅಂಗಡಿ ಬಿಟ್ಟು ಹೋಗುವ ಹಾಗಿಲ್ಲ, ಅದಕ್ಕೆ ಬೆಳಗ್ಗೆಯೇ ಸ್ಕೂಟರ್ ಹತ್ತಿದೆ. ಇಬ್ಬನಿಗೆ ಕನ್ನಡಕ ಒರೆಸಿ ಒರೆಸಿ ಸಾಕಾಯಿತು. ಮೇಷ್ಟ್ರು ಜಗಲಿಯಲ್ಲಿದ್ದರು, ಕಂಪ್ಯೂಟರಿನಿಂದ ದೂರದ ಬೆಂಚಿನ ಮೇಲೆ. ಅಮ್ಮ ಕಾಫಿ ಕೊಟ್ಟರು. ಒಯ್ಯುವ ಮೊದಲು ಬೋರ್ಡಿನೊಳಗೆ ಕೂತಿದ್ದ ಮೇಷ್ಟ್ರ ಪ್ರೋಗ್ರಾಂಗಳನ್ನಾದರೂ ನಕಲು ಮಾಡಿಡೋಣ ಎಂದು ಯಂತ್ರ ಹಚ್ಚಿದೆ. ಮೇಷ್ಟ್ರು ಕೈ ತೆಗೆದರೆ ಸ್ವಿಚ್ಚು ಆರಿಸುವ ಮನುಷ್ಯ, ಸುಮ್ಮನೆ ಕರೆಂಟು ಸುಡುವುದು ಅವರಿಗಾಗದು. ಹಾಗಾಗಿ ಆ ಯಂತ್ರ ಆ ಜಗಲಿಯಲ್ಲಿ ಬೆಳಗಿನ ಹೊತ್ತು ಯಾರೂ ಮುಟ್ಟದೆ ಚಾಲೂ ಇದ್ದದ್ದು ಅವತ್ತೇ ಮೊದಲು.

ಎರಡು ಕೈಯಲ್ಲೂ ಬಿಸಿ ಲೋಟ ಹಿಡಿದು ನಿಂತಿದ್ದೆ. ಟಿಕ್ ಎಂದಿತು. ತೆರೆಯ ಬುಡದಲ್ಲಿ ಒಂದು ಆಜ್ಞೆ ಬಿದ್ದಿತ್ತು.

"ಏನು ಒತ್ತಿದೆ?" ಎಂದರು ಮೇಷ್ಟ್ರು.

"ನಾನು ಮುಟ್ಟಿಲ್ಲ ಸಾರ್. ನಿಮ್ಮ ಕೈ ಎಲ್ಲಿದೆ?"

"ತೊಡೆ ಮೇಲೆ."

ಟಿಕ್. ಅದರ ಮುಂದೆ ಒಂದು ಅಕ್ಷರ. ಸ್ವಲ್ಪ ಬಿಟ್ಟು ಮತ್ತೊಂದು. ಮೇಷ್ಟ್ರು ಎದ್ದು ನಿಂತಿದ್ದರು.

ಅಷ್ಟರಲ್ಲಿ ಕೊಯ್ಲಿನವರು ಗೇಟಿನ ಹತ್ತಿರ ಬಂದರು. ಅಮ್ಮ ಸೆರಗಿಗೆ ಕೈ ಒರೆಸುತ್ತಾ ಜಗಲಿಗೆ ಬಂದು ಕಿಟಕಿ ಮೇಲಿನ ಬೇಲಿ ಮಿಷನ್ ಆರಿಸಿದರು. ಇದು ನಮ್ಮ ಕಡೆಯ ನಿತ್ಯದ ಪದ್ಧತಿ. ಸಂಜೆ ಬೇಲಿಗೆ ಕರೆಂಟು ಹಾಕುವುದು, ಬೆಳಗ್ಗೆ ಆಳುಗಳು ತೋಟಕ್ಕೆ ಇಳಿಯುವ ಮೊದಲು ತೆಗೆಯುವುದು. ಯಂತ್ರ ಸುಮ್ಮನಾಯಿತು. ನನ್ನ ಕಾಫಿ ಆರಿತು, ಒಂದು ಅಕ್ಷರವೂ ಬೀಳಲಿಲ್ಲ.

"ಅಮ್ಮ, ಅದನ್ನ ಇನ್ನೊಂದ್ಸಲ ಹಾಕಿ."

"ಆಳುಗಳು ಬಂದವ್ರೆ ಕಣವ್ವ, ಯಾರಾದ್ರೂ ತಂತಿ ಮುಟ್ಟಿದ್ರೆ?"

ನಾನು ಅಂಗಳಕ್ಕೆ ಓಡಿ ಕೊಯ್ಲಿನವರನ್ನೆಲ್ಲ ಗೇಟಿನಲ್ಲೇ ನಿಲ್ಲಿಸಿ ಬಂದೆ. ಅಮ್ಮ ಹಾಕಿದರು. ಮಿಷನ್ ಟಕ್ ಟಕ್ ಎಂದು ಮಿಡಿಯತೊಡಗಿತು. ಕೆಲವು ಮಿಡಿತಕ್ಕೆ ಏನೂ ಇಲ್ಲ, ಒಂದಕ್ಕೆ ಯಂತ್ರವೂ ಟಿಕ್ ಎಂದಿತು, ಅಕ್ಷರ ಬಿತ್ತು. ಆರಿಸಿದರೆ ಮೌನ, ಹಾಕಿದರೆ ಅಕ್ಷರ.

ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದೆನಲ್ಲಾ ಎಂದು ತಲೆ ಚಚ್ಚಿಕೊಂಡೆ. ಆ ಮಿಷನ್ನನ್ನು ಆ ಕಿಟಕಿಯ ಮೇಲೆ ಮೊಳೆ ಹೊಡೆದು ಕೂರಿಸಿದವಳು ನಾನು. ಅದರಿಂದ ಬೇಲಿಗೆ ಹೋಗುವ ತಂತಿಯನ್ನು ಮೇಜಿನ ಪಕ್ಕದಲ್ಲೇ ಇಳಿಸಿದವಳೂ ನಾನು. ಇಬ್ಬನಿಗೆ ನೆಂದ ಎಲೆ ತಂತಿಗೆ ತಾಗಿದಾಗಲೆಲ್ಲ ಕಿಡಿ ಹಾರುತ್ತದೆ, ಆ ಕಿಡಿಯ ಗದ್ದಲ ಗಾಳಿಯಲ್ಲೇ ಬಂದು ನಾನು ಅತಿ ಸೂಕ್ಷ್ಮ ಮಾಡಿಟ್ಟ ಕೀಲಿಮಣೆಯ ತಂತಿಗೆ ಹೊಗುತ್ತದೆ. ಮೇಷ್ಟ್ರು ಕೂರುವುದು ಬೆಳಗ್ಗೆ, ಬೇಲಿ ಇನ್ನೂ ಜೀವಂತ ಇರುವಾಗ. ನಾನು ಬರುತ್ತಿದ್ದದ್ದು ಮಧ್ಯಾಹ್ನ, ಬೇಲಿ ಆರಿದ ಮೇಲೆ. ಅಂಗಡಿಯಲ್ಲಿ ಬೇಲಿಯಿಲ್ಲದ, ಕಿಡಿ ಹಾರದ ಮಿಷನ್ನುಗಳ ಟಕ್ ಟಕ್ ದಿನವಿಡೀ ಕೇಳಿ ನನ್ನ ಕಿವಿಗೆ ಅದು ಸದ್ದೇ ಅಲ್ಲವಾಗಿತ್ತು.

"ಸಾರ್," ಎಂದೆ. "ನೆಲವೇ ಡೊಂಕು ಸಾರ್."

ಮೇಷ್ಟ್ರು ಹೆಬ್ಬೆರಳಿನಿಂದ ಉಳಿದ ಬೆರಳುಗಳ ತುದಿಯನ್ನು ಒಂದೊಂದಾಗಿ ಉಜ್ಜಿ ನೋಡಿಕೊಂಡರು. ಗೇಟಿನಲ್ಲಿ ನಿಂತವರು, ಇವತ್ತು ಕೊಯ್ಲು ಇದೆಯೋ ಇಲ್ಲವೋ ಎಂದು ಕೂಗಿದರು.

ಅಂಗಡಿಗೆ ಬಂದು ಚೇಟನಿಗೆ ಹೇಳಿದರೆ ಅವರಿಗೆ ನಗು. "ಬಾಕ್ಸ್ ಎತ್ತಿ ಹಿಂದಿನ ಗೋಡೆಗೆ ಹಾಕು ಮೋಳೆ, ಕೆಲಸ ಕಳೀತು."

ನಿಜ, ಎರಡು ಮೊಳೆಯ ಕೆಲಸ. ನಾನು ಒಪ್ಪಲಿಲ್ಲ. ಬಾಕ್ಸು ದೂರ ಹೋದರೂ ತೋಟದ ಸುತ್ತ ತಂತಿ ಇದ್ದೇ ಇರುತ್ತದೆ. ಎಂದೋ ಒಂದು ದಿನ ಜೋರು ಇಬ್ಬನಿಗೆ ಇನ್ನೊಂದು ಅಕ್ಷರ ಸುಮ್ಮನೆ ಬಿದ್ದರೂ ಮೇಷ್ಟ್ರು ಮತ್ತೆ ಬೆರಳನ್ನೇ ಅನುಮಾನಿಸುತ್ತಾರೆ. ಬಾಕ್ಸು ಇದ್ದಲ್ಲೇ ಇರಬೇಕು, ಬೇಲಿ ಬಡಿಯುತ್ತಲೇ ಇರಬೇಕು, ಅದರ ನಡುವೆ ಬೆರಳು ಒತ್ತಿದ್ದು ಮಾತ್ರ ಬೀಳಬೇಕು ಎಂದು ಹಟ ಹಿಡಿದೆ.

ತಂತಿಗಳ ಸೂಕ್ಷ್ಮತೆ ಪೂರ್ತಿ ಕಡಿಮೆ ಮಾಡಿದರೆ ಗದ್ದಲ ನಿಲ್ಲುತ್ತಿತ್ತು, ಆದರೆ ರಿಮೋಟಿನ ಕಾರ್ಬನ್ ಬಿಲ್ಲೆಗಳು ಕೈ ಕೊಡುತ್ತಿದ್ದವು. ಬಿಲ್ಲೆ ಬಿಟ್ಟರೆ ಆ ಮೆತ್ತನೆ ಹೋಗುತ್ತದೆ. ತೊಡಕು ಬಿಡಿಸಿಕೊಂಡದ್ದು ಬೇರೊಬ್ಬರ ಬೇಲಿ ಮಿಷನ್ ಬಿಚ್ಚಿ ಕೂತಿದ್ದಾಗ. ಈ ಮಿಷನ್ನಿನ ಝಟಕಾ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಗಿಡ್ಡ. ಮನುಷ್ಯ ಎಷ್ಟೇ ಬೇಗ ಕೀಲಿ ಒತ್ತಿ ಬಿಟ್ಟರೂ ಬೆರಳು ಅಲ್ಲಿ ಅದಕ್ಕಿಂತ ಬಹಳ ಹೊತ್ತು ಕೂತಿರುತ್ತದೆ. ಬೆರಳು ನಿಲ್ಲುತ್ತದೆ, ಬೇಲಿ ಹಾರಿಹೋಗುತ್ತದೆ. ಇದನ್ನು ನಾನು ಜೋರಾಗಿಯೇ ಹೇಳಿಬಿಟ್ಟೆ, ಎದುರು ಕೂತಿದ್ದ ಗಿರಾಕಿ, ಆನೆ ಹಾರ್ತದಾ ಅಕ್ಕ ಎಂದು ಗಾಬರಿಯಾದರು.

ನನ್ನ ಹಳೇ ಜಾಣತನವನ್ನು ಕಿತ್ತು ಬಿಸಾಡಿದೆ. ಕ್ಷಣಮಾತ್ರ ಕಂಡದ್ದನ್ನು ಹಿಡಿದಿಡುವುದು ಬೇಡ. ಒಂದು ಕೀಲಿ ಕಂಡರೆ ಸ್ವಲ್ಪ ತಡೆದು ಮತ್ತೆ ನೋಡು, ಇನ್ನೂ ತಡೆದು ಮತ್ತೊಮ್ಮೆ ನೋಡು, ಮೂರು ಸಲವೂ ಅಲ್ಲೇ ಇದ್ದರೆ ಮಾತ್ರ ರೋಮಿಗೆ ಹೇಳು. ಜೊತೆಗೆ ಕೀಲಿಮಣೆಯ ಕೆಳಗೆ ತಾಮ್ರದ ತೆಳು ಹಾಳೆ ಹಾಸಿ ಗ್ರೌಂಡಿಗೆ ಸೇರಿಸಿದೆ. ರಿಪೇರಿಗೆ ಬಂದಿದ್ದ ಮಿಷನ್ನುಗಳಲ್ಲಿ ಜೋರಾದದ್ದನ್ನು ಆರಿಸಿ ಬೆಂಚಿನ ಮೇಲೆ ಕೀಲಿಮಣೆಯ ಪಕ್ಕದಲ್ಲೇ ಕಿಡಿ ಹಾರಿಸಿದೆ. ಚೇಟನ ರೇಡಿಯೊ ಪಟಪಟ ಎಂದು ಅರಚಿತು, ನನ್ನ ತೆರೆ ಬಿಳಿಯಾಗಿಯೇ ಉಳಿಯಿತು.

ಮೇಷ್ಟ್ರ ಮನೆಗೆ ಬೇಕೆಂದೇ ಬೆಳಗಿನ ಇಬ್ಬನಿಯಲ್ಲಿ ಹೋದೆ. ಬೇಲಿ ಹಾಕಿಯೇ ಇತ್ತು. ಸಾಲದೆಂದು, ಅಮ್ಮನ ಕೈಲಿ ಒಂದು ಗಳಿಗೆ ಬೇಲಿ ಆರಿಸಿ ಒಂದು ಒದ್ದೆ ಬಾಳೆಎಲೆಯನ್ನು ತಂತಿಗೆ ನೇತು ಹಾಕಿ ಬಂದು, ಮತ್ತೆ ಹಾಕಿಸಿದೆ. ಚಟ್ ಚಟ್ ಎಂದು ಕಿಡಿ ಹಾರುವುದು ಜಗಲಿಗೇ ಕೇಳುತ್ತಿತ್ತು.

"ಈಗ ಬರೀರಿ ಸಾರ್."

ಮೇಷ್ಟ್ರು ಕೂತರು. ಮೊದಲ ಸಾಲಿಗೆ ಬೆರಳು ಹೆದರಿ ಹೆದರಿ ಇಳಿಯಿತು. ಸ್ಕ್ರೀನ್ ನೋಡಿ ಹೇಳು ಎಂದರು, ಸರಿ ಇದೆ ಎಂದೆ. ಎರಡನೆಯದಕ್ಕೂ ಕೇಳಿದರು. ಆಮೇಲೆ ಕೇಳುವುದು ಕಡಿಮೆಯಾಯಿತು, ಟಿಕ್ ಟಿಕ್ ಜೋರಾಯಿತು. ಓಡಿಸಿದರೆ ಸರಗಮ ಹತ್ತಿ ಇಳಿದು ಬಂತು, ಒಂದು ಸ್ವರ ಆಚೀಚೆ ಇಲ್ಲ. ಅಮ್ಮ ಚಪ್ಪಾಳೆ ತಟ್ಟಿದರು. ಮೇಷ್ಟ್ರು ನಗುತ್ತಿದ್ದರು, ಆಗಲೇ ತಲೆ ಬೇರೆಲ್ಲೋ ಓಡುತ್ತಿತ್ತು.

"ಆ ಬೇಲಿ ಸದ್ದನ್ನ ಪೂರ್ತಿ ಬಿಸಾಡಿಬಿಟ್ಯಾ?"

"ಹೂಂ ಸಾರ್, ಒಂದು ಚೂರೂ ಒಳಗೆ ಬರಲ್ಲ."

"ಬಿಸಾಡ್ಬೇಡ. ನನಗೆ ಒಂದು ಮೂಲೇಲಿ ಕೊಡು."

ಹಳೇ ಯಂತ್ರದಲ್ಲಿ ಕ್ಯಾಸೆಟ್ಟಿನಿಂದ ಪ್ರೋಗ್ರಾಂ ಓದಲು ಒಂದು ತೂತಿತ್ತು, ಅಸಲಿಯಂತೆಯೇ ಇರಲಿ ಎಂದು ನಾನೂ ಇಟ್ಟಿದ್ದೆ. ಅದಕ್ಕೊಂದು ತುಂಡು ತಂತಿ ಸಿಕ್ಕಿಸಿ, ಬೇಲಿಯಿಂದ ವಾಪಸು ಬರುವ ಕೊನೆಯ ಹತ್ತಿರ, ಮುಟ್ಟದ ಹಾಗೆ ಕಟ್ಟಿದೆ. ಮಿಡಿತ ತೋಟ ಸುತ್ತಿ ಬಂದರೆ ಮಾತ್ರ ಅಲ್ಲಿ ಸದ್ದು. ಅದನ್ನು ಏನು ಮಾಡುತ್ತಾರೆಂದು ಕೇಳಿದರೆ, ನೋಡುವಿಯಂತೆ ಎಂದರು. ಶಾಲೆಯಲ್ಲೂ ಹೀಗೇ, ಉತ್ತರವನ್ನು ಮುಂಚೆ ಬಿಟ್ಟುಕೊಟ್ಟವರಲ್ಲ.

ಕೊಯ್ಲು ಮುಗಿದು ತೋಟ ಒಣಗಿ ನಿಂತಿದ್ದ ಒಂದು ಬೆಳಗಿನ ಜಾವ ಫೋನು ಹೊಡೆದುಕೊಂಡಿತು.

"ಬೇಲಿ ಸತ್ತಿದೆ ಕಣೇ. ಬಾ."

"ಮಿಷನ್ ಓಡ್ತಿಲ್ವಾ ಸಾರ್?"

"ಮಿಷನ್ ಚೆನ್ನಾಗಿ ಓಡ್ತಿದೆ. ಮಿಡಿತ ತಿರುಗಿ ಬರ್ತಿಲ್ಲ. ರಾತ್ರಿ ಹೊಳೆ ಕಡೆ ಕೊಂಬೆ ಮುರಿದ ಸದ್ದು ಕೇಳಿತ್ತು, ಅಲ್ಲೇ ಎಲ್ಲೋ ಹೋಗಿದೆ."

ಹೋದೆ. ಮಿಡಿತ ತಿರುಗಿ ಬರದಿದ್ದರೆ ಕೂಗು ಎಂದು ಮೇಷ್ಟ್ರು ರಾತ್ರಿಯಿಡೀ ಕಾವಲಿಗೆ ಬಿಟ್ಟಿದ್ದ ಕಂಪ್ಯೂಟರು ಜಗಲಿಯಲ್ಲಿ ಬಿಡದೆ ಕೂಗುತ್ತಿತ್ತು, ಅಮ್ಮ ಕಿವಿಗೆ ಸೆರಗು ಒತ್ತಿಕೊಂಡಿದ್ದರು. ಹೊಳೆ ಕಡೆ ಸಿಲ್ವರ್ ಓಕಿನ ಕೊಂಬೆ ಮುರಿದು ಬಿದ್ದು ತಂತಿ ಹರಿದಿತ್ತು. ಆಚೆ ದಂಡೆಯ ಕೆಸರಿನಲ್ಲಿ ಅಗಲ ಹೆಜ್ಜೆಗಳು, ಹಸಿ ಹಸಿಯಾಗಿ. ಈಚೆಗೆ ಇನ್ನೂ ಬಂದಿರಲಿಲ್ಲ. ಕೊಯ್ಲು ಇಲ್ಲದ ದಿನ, ತೋಟದ ಆ ಮೂಲೆಗೆ ಯಾರೂ ಕಾಲಿಡುತ್ತಿರಲಿಲ್ಲ. ಅಮ್ಮನಿಗೆ ಫೋನು ಮಾಡಿ ಬೇಲಿ ಆರಿಸಿ, ತಂತಿ ಬಿಗಿದು, ಮತ್ತೆ ಹಾಕಿಸಿ ಓಡೋಡಿ ಬಂದೆ.

ನಾನು ಮೆಟ್ಟಿಲು ಹತ್ತುವ ಹೊತ್ತಿಗೆ ಕೂಗು ನಿಂತಿತ್ತು. ಈಗ ಬೇಲಿಯ ಒಂದೊಂದು ಮಿಡಿತಕ್ಕೂ ಯಂತ್ರ ಸಣ್ಣಗೆ ಒಂದು ಬೀಪ್ ಕೊಡುತ್ತಿತ್ತು. ನಾಲ್ಕು ಬೀಪ್ ಕೇಳಿ ಪ್ರೋಗ್ರಾಂ ನಿಲ್ಲಿಸಿದ ಮೇಷ್ಟ್ರು ಕೀಲಿಗಳ ಮೇಲೆ ಬೆರಳಿಟ್ಟು, ಅದಕ್ಕೆ ಇನ್ನೇನೋ ಸಾಲು ಸೇರಿಸತೊಡಗಿದರು. ಮುಂದಿನ ಸಲ ಕೂಗು ಇಷ್ಟು ಕರ್ಕಶ ಬೇಡವಂತೆ, ಅಮ್ಮ ಬೈದರಂತೆ.

ನಾನು ಏದುಸಿರು ಬಿಡುತ್ತಾ ಟೀವಿ ಕಡೆ ತಿರುಗಿದೆ. "ಒಂದ್ಸಲ ಸ್ಕ್ರೀನ್ ನೋಡ್ಲಾ ಸಾರ್, ಸರಿ ಇದೆಯಾ ಅಂತ?"

"ಬೇಡ," ಎಂದರು ಮೇಷ್ಟ್ರು, ಒತ್ತುವುದನ್ನು ನಿಲ್ಲಿಸದೆ. "ಸರಿ ಇರ್ತದೆ. ನೀನು ಕಾಫಿ ಕುಡಿ."